ವಾದಿ ಶಾಬ್‌ಗೆ ಅಪ್ಪಯ್ಯನನ್ನೂ ಮಗಳನ್ನೂ ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ನಾನು ಮಸ್ಕತ್‌ನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಈ ಡಿಸೆಂಬರಿನಲ್ಲಿ ಕುಂದಾಪುರದಿಂದ ಅಪ್ಪಯ್ಯ ಬರುತ್ತಿದ್ದಾರೆ. ಅವರಿಗೆ 68 ವರ್ಷ, ಮಂಡಿನೋವಿದೆ. ಮಗಳಿಗೆ 9 ವರ್ಷ, ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಈಜು ಕಲಿತಿದ್ದಾಳೆ. ನನಗೆ ಈಜು ಗೊತ್ತು, ಹೆಂಡತಿಗೆ ಬರುವುದಿಲ್ಲ. ವಾದಿ ಶಾಬ್ ಎಂಬ ಬೆಟ್ಟದ ಕಣಿವೆಯಲ್ಲಿ ಗುಹೆಯೊಳಗಿನ ಜಲಪಾತದ ವಿಡಿಯೊ ನೋಡಿದ ಮೇಲೆ ಎಲ್ಲರಿಗೂ ಅಲ್ಲಿಗೆ ಹೋಗುವ ಆಸೆ. ನಮ್ಮದು ಸಾಧಾರಣ ಸೆಡಾನ್ ಕಾರು. ಹೋಗಬಹುದೇ? ಏನೇನು ಜಾಗ್ರತೆ ಬೇಕು? ಅಪ್ಪಯ್ಯನದ್ದೂ ಒಂದು ಪ್ರಶ್ನೆಯಿದೆ: ಮಳೆಯೇ ಬಾರದ ಊರಿನಲ್ಲಿ, ಬಂಡೆಗಳ ನಡುವೆ, ವರ್ಷವಿಡೀ ನೀರು ಎಲ್ಲಿಂದ ಬರುತ್ತದೆ?

ಉತ್ತರ: ನಿಮ್ಮ ಕಾರು ಹೋಗುತ್ತದೆ. ನೀವು ಹೋಗಬಹುದು. ಹೆಂಡತಿ, ಮಗಳು ಮೊದಲ ಮಡುವಿನವರೆಗೆ ಬರಬಹುದು, ಗುಹೆ ಇಬ್ಬರಿಗೂ ಬೇಡ. ಅಪ್ಪಯ್ಯನಿಗೆ ವಾದಿ ಶಾಬ್ ಬೇಡವೇ ಬೇಡ. ಅವರಿಗೆ ಹೇಳಿ ಮಾಡಿಸಿದಂಥ ಇನ್ನೊಂದು ವಾದಿ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಮಾನಿನಲ್ಲಿ ಅಂತರ್ಜಲದ ಕೆಲಸ ಮಾಡಿದವನಾದ್ದರಿಂದ ಅಪ್ಪಯ್ಯನ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುವ ಆಸೆ. ಸ್ವಾರ್ಥ ಅಂದುಕೊಳ್ಳಬೇಡಿ. ಅವರ ಪ್ರಶ್ನೆಗೆ ಉತ್ತರ ಸಿಕ್ಕಿದರೆ ನಿಮ್ಮ ಜಾಗ್ರತೆಯ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಿದ ಹಾಗೆ.

ಮಸ್ಕತ್‌ಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿ.ಮೀ. ಉಡುಪಿ ಜಿಲ್ಲೆಗೆ 4,000 ಮಿ.ಮೀ. ಆಸುಪಾಸು. ಆಷಾಢದಲ್ಲಿ ಒಂದೇ ದಿನ ನಿಮ್ಮೂರ ಅಂಗಳದಲ್ಲಿ ಸುರಿಯುವಷ್ಟು ಮಳೆ ಇಲ್ಲಿ ಇಡೀ ವರ್ಷಕ್ಕೆ. ಆದರೆ ವಾದಿ ಶಾಬ್ ಇರುವ ತೀವಿ ಊರಿನ ಹಿಂದೆ ಎದ್ದು ನಿಂತಿರುವ ಪೂರ್ವ ಹಜರ್ ಬೆಟ್ಟಸಾಲು ಸುಣ್ಣಕಲ್ಲಿನದು. ಸುಣ್ಣಕಲ್ಲನ್ನು ಮಳೆನೀರು ಸ್ವಲ್ಪಸ್ವಲ್ಪವಾಗಿ ಕರಗಿಸುತ್ತದೆ. ಲಕ್ಷಾಂತರ ವರ್ಷ ಹೀಗೆ ಕರಗಿ ಬೆಟ್ಟದ ಒಳಗೆಲ್ಲ ಬಿರುಕು, ಬಿಲ, ಗವಿ. ಆ ಮೇಲಿನ ಸೆಲ್ಮಾ ಪ್ರಸ್ಥಭೂಮಿಯಲ್ಲಿ ಮಜ್ಲಿಸ್ ಅಲ್ ಜಿನ್ ಎಂಬ ಗುಹೆ ಇದೆ. ಜಗತ್ತಿನ ಅತಿ ದೊಡ್ಡ ಗುಹಾಕೋಣೆಗಳ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ಮೇಲೆ ಬಿದ್ದ ನೀರಿನಲ್ಲಿ ಒಂದು ಪಾಲು ಈ ಬಿರುಕುಗಳಲ್ಲಿ ಇಳಿದು, ಬಿಸಿಲಿಗೆ ಸಿಗದೆ, ನಿಧಾನವಾಗಿ ಸಾಗಿ ಕಮರಿಯ ತಳದಲ್ಲಿ ಒರತೆಯಾಗಿ ಏಳುತ್ತದೆ. ನೀವು ಈಜಲು ಹೊರಟಿರುವುದು ಈ ಒರತೆ ನೀರಿನಲ್ಲಿ. ಮಡುವಿನ ನೀಲಿಹಸಿರು ಬಣ್ಣಕ್ಕೂ, ಅಂಚಿನ ಕಲ್ಲಿಗೆ ಬಿಳಿ ಗಾರೆ ಬಳಿದಂತೆ ಕಾಣುವ ಪದರಕ್ಕೂ ಅದೇ ಸುಣ್ಣ ಕಾರಣ.

ಹಾದಿಯ ಪಕ್ಕದಲ್ಲಿ ಮೊಳದಗಲದ ಒಂದು ಕಾಲುವೆ ಕಾಣುತ್ತದೆ. ಅದು ಫಲಜ್. ಒರತೆ ನೀರನ್ನು ಸರಿಯಾದ ವಾಟದಲ್ಲಿ ತೋಟಕ್ಕೆ ಹಾಯಿಸುವ ಈ ಪದ್ಧತಿ ಇಲ್ಲಿ ಬಹಳ ಹಳೆಯದು. 2006ರಲ್ಲಿ ಯುನೆಸ್ಕೊ ಒಮಾನಿನ ಐದು ಫಲಜ್‌ಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕೆಲವು ಫಲಜ್‌ಗಳು ನೆಲದಡಿಯ ಸುರಂಗದಿಂದಲೇ ಹೊರಡುತ್ತವೆ. ಪುತ್ತೂರು, ಸುಳ್ಯ, ಕಾಸರಗೋಡು ಕಡೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ಅಡಿಕೆ ತೋಟಕ್ಕೆ ನೀರು ತರುತ್ತಾರಲ್ಲ, ಹೆಚ್ಚುಕಡಿಮೆ ಅದೇ ಉಪಾಯ. ಅಪ್ಪಯ್ಯನಿಗೆ ಹೀಗೆ ಹೇಳಿ, ತಟ್ಟನೆ ಅರ್ಥವಾಗುತ್ತದೆ.

ಇನ್ನು ಬೆಟ್ಟದೊಳಕ್ಕೆ ಇಳಿಯದ ಪಾಲು. ಅಪಾಯ ಇರುವುದು ಅದರಲ್ಲಿ. ಪಶ್ಚಿಮ ಘಟ್ಟದಲ್ಲಿ ಮಳೆ ಬಿದ್ದರೆ ಅದನ್ನು ಮರ ಹಿಡಿಯುತ್ತದೆ, ತರಗೆಲೆ ಹಿಡಿಯುತ್ತದೆ, ಮಣ್ಣು ಕುಡಿಯುತ್ತದೆ. ಹಜರ್ ಬೆಟ್ಟದಲ್ಲಿ ಮರವೂ ಇಲ್ಲ ಮಣ್ಣೂ ಇಲ್ಲ, ಬೋಳು ಬಂಡೆ. ಲೆಕ್ಕ ಹಾಕಿ ನೋಡಿ: ಒಂದು ಚದರ ಕಿಲೋಮೀಟರ್ ಬಂಡೆಯ ಮೇಲೆ ಬರೀ 10 ಮಿ.ಮೀ. ಮಳೆ ಬಿದ್ದರೂ ಅದು 1 ಕೋಟಿ ಲೀಟರ್. ಅಂದರೆ 10,000 ಲೀಟರಿನ ಟ್ಯಾಂಕರ್ ಸಾವಿರ. ಎಷ್ಟೋ ಚದರ ಕಿಲೋಮೀಟರಿನ ಇಂಥ ನೀರು ಇಳಿಯಬೇಕಾದ ದಾರಿ ಒಂದೇ, ನೀವು ನಿಂತಿರುವ ಆ ಇಕ್ಕಟ್ಟಿನ ಕಮರಿ.

ಊರಿನಲ್ಲಿ ನಾವು ‘ಹೊಳೆ ಬಂತು’ ಅನ್ನುತ್ತೇವೆ. ಹೊಳೆ ಅಲ್ಲೇ ಇತ್ತು, ಆದರೂ ‘ಬಂತು’. ಇಲ್ಲಿನ ಹಳ್ಳಿಯವರ ಮಾತೂ ಹಾಗೆಯೇ. ವಾದಿ ಎಂದರೆ ಒಣಹಳ್ಳ, ಕಣಿವೆ. ಆದರೆ ಅವರು ‘ವಾದಿ ಇಳಿಯಿತು’ ಅಂದರೆ ಪ್ರವಾಹ ಬಂತು ಎಂದೇ ಅರ್ಥ.

ನಾನು ಅದನ್ನು ಹತ್ತಿರದಿಂದ ನೋಡಿದ್ದು ಒಂದೇ ಸಲ. ಬಾವಿಯ ನೀರಿನ ಮಟ್ಟ ಅಳೆಯಲು ಹೋಗಿದ್ದೆವು. ನೆತ್ತಿಯ ಮೇಲೆ ಶುಭ್ರ ನೀಲಿ ಆಕಾಶ, ದೂರದ ಬೆಟ್ಟದ ತುದಿಯಲ್ಲಿ ಮಾತ್ರ ಒಂದು ಕಪ್ಪು ಮೋಡ. ಖರ್ಜೂರದ ತೋಟದಲ್ಲಿದ್ದ ಒಬ್ಬ ಮುದುಕ ಎರಡೂ ಕೈ ಬೀಸಿ ‘ವಾದಿ, ವಾದಿ’ ಎಂದು ಕೂಗುತ್ತಿದ್ದ. ವಾದಿಯಲ್ಲೇ ಇದ್ದೇವಲ್ಲ ಮಾರಾಯ, ಇದೇನು ಹೇಳುತ್ತಾನೆ ಅಂದುಕೊಂಡೆ. ನಮ್ಮ ಡ್ರೈವರಿಗೆ ಅರ್ಥವಾಯಿತು. ಅವನು ನನ್ನ ರಟ್ಟೆ ಹಿಡಿದು ದಡಕ್ಕೆ ಎಳೆದ. ಮೊದಲು ಬಂದದ್ದು ನೀರೆಂದು ಅನ್ನಿಸಲೇ ಇಲ್ಲ. ಒಣ ಜಲ್ಲಿಯ ಮೇಲೆ ಕಂದು ನಾಲಗೆಯೊಂದು ತೆವಳಿಕೊಂಡು ಬಂದಂತೆ. ಅದರ ತುದಿಯಲ್ಲಿ ನೊರೆ, ಖರ್ಜೂರದ ಗರಿ, ಆಡಿನ ಹಿಕ್ಕೆ, ಯಾರದೋ ಒಂಟಿ ಚಪ್ಪಲಿ. ಚಪ್ಪಲಿ ನೋಡಿ ನಾನು ನಕ್ಕೆ ಕೂಡ. ನಗು ನಿಲ್ಲುವುದರೊಳಗೆ ನೀರು ಮೊಣಕಾಲುದ್ದ, ಆಮೇಲೆ ಬಂಡೆಗಳು ಒಂದಕ್ಕೊಂದು ಬಡಿದುಕೊಳ್ಳುವ ಸದ್ದು. ನಮ್ಮ ಜೀಪು ಆ ದಡದಲ್ಲಿ, ನಾವು ಈ ದಡದಲ್ಲಿ. ಆ ರಾತ್ರಿ ಮುದುಕನ ಮನೆಯ ಜಗುಲಿಯಲ್ಲಿ ಕಹ್ವಾ ಎಂಬ ಅರಬ್ಬೀ ಕಾಫಿ ಕುಡಿಯುತ್ತಾ ಕಳೆದೆವು.

ನಮ್ಮದು ಸುಖಾಂತ್ಯ. ಎಲ್ಲರದ್ದೂ ಅಲ್ಲ. 2024ರ ಏಪ್ರಿಲ್ 14ರಂದು ಸಮದ್ ಅಲ್ ಶಾನ್ ಎಂಬಲ್ಲಿ ಶಾಲಾ ಮಕ್ಕಳಿದ್ದ ವಾಹನವೇ ಪ್ರವಾಹದಲ್ಲಿ ಕೊಚ್ಚಿಹೋಗಿ ಮಕ್ಕಳು ತೀರಿಕೊಂಡರು. ಹರಿಯುವ ವಾದಿಗೆ ಬೇಕೆಂದೇ ಕಾರು ಇಳಿಸುವುದು ಇಲ್ಲಿ ಶಿಕ್ಷೆಗೆ ಗುರಿಯಾಗುವ ಅಪರಾಧ. ಮುಂದೆ ಹೋದ ಗಾಡಿ ದಾಟಿತು, ನಾವೂ ದಾಟೋಣ ಎಂಬ ಲೆಕ್ಕ ಬೇಡ.

ಹಾಗಾಗಿ ಹೊರಡುವ ಹಿಂದಿನ ರಾತ್ರಿ ಮತ್ತು ಹೊರಡುವ ಬೆಳಗ್ಗೆ ನೋಡಬೇಕಾದದ್ದು ಮಸ್ಕತ್‌ನ ಹವಾಮಾನವಲ್ಲ, ಹಜರ್ ಬೆಟ್ಟದ ಮೇಲಿನದ್ದು. ಒಮಾನಿನ ಹವಾಮಾನ ಇಲಾಖೆಯ ಎಚ್ಚರಿಕೆಗಳು ಇಂಗ್ಲಿಷಿನಲ್ಲೂ ಬರುತ್ತವೆ. ಬೆಟ್ಟದಲ್ಲಿ ಮಳೆ ಎಂದಿದ್ದರೆ ಕಾರ್ಯಕ್ರಮ ರದ್ದು, ಚರ್ಚೆಯೇ ಬೇಡ. ಮಳೆ ನಿಂತ ಮರುದಿನವೂ ಬೇಡ. ಡಿಸೆಂಬರ್ ಹಿತವಾದ ತಿಂಗಳು, ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇಲ್ಲಿ ನಡೆದಾಡಬಹುದು. ಆದರೆ ಚಳಿಗಾಲದಲ್ಲೂ ಮಳೆ ಬರುತ್ತದೆ ಎಂಬುದು ನೆನಪಿರಲಿ. ಬೇಸಿಗೆಯಲ್ಲಿ ಬೇರೆಯದೇ ಕಷ್ಟ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ನೀರಿನವರೆಗೆ ನಡೆಯುವುದೇ ಸಾಹಸ, ಜತೆಗೆ ಮಧ್ಯಾಹ್ನ ಬೆಟ್ಟದ ಮೇಲೆ ಥಟ್ಟನೆ ಗುಡುಗುಮಳೆ.

ಕಮರಿಯೊಳಗೆ ನಡೆಯುವಾಗ ಆಗಾಗ ತಲೆ ಎತ್ತಿ ನೋಡಿ. ನಿಮ್ಮ ತಲೆಗಿಂತ ಮೇಲೆ, ಬಂಡೆಯ ಸಂದಿನಲ್ಲಿ, ಒಣ ಗರಿಗಳೂ ಪ್ಲಾಸ್ಟಿಕ್ಕೂ ಸಿಕ್ಕಿಕೊಂಡಿರುವುದು ಕಾಣುತ್ತದೆ. ಯಾರೂ ಅಲ್ಲಿ ಎಸೆದದ್ದಲ್ಲ, ಹಿಂದಿನ ಪ್ರವಾಹ ಬರೆದಿಟ್ಟು ಹೋದ ಮಟ್ಟ ಅದು. ತಿಳಿನೀರು ಇದ್ದಕ್ಕಿದ್ದಂತೆ ಕದಡಿದರೆ, ಕಡ್ಡಿ ಎಲೆ ತೇಲಿಬರತೊಡಗಿದರೆ, ಮೇಲಿನಿಂದ ಲಾರಿ ಬಂದ ಹಾಗೆ ಸದ್ದು ಕೇಳಿದರೆ, ಚೀಲ ಮೊಬೈಲು ಅಲ್ಲೇ ಬಿಟ್ಟು ಪಕ್ಕದ ಎತ್ತರಕ್ಕೆ ಹತ್ತಿ. ಬಂದ ದಾರಿಯಲ್ಲಿ ಕೆಳಗೆ ಓಡಬೇಡಿ, ನಿಮಗಿಂತ ನೀರಿಗೆ ಓಟ ಚೆನ್ನಾಗಿ ಗೊತ್ತು. ಪೊಲೀಸರ ತುರ್ತು ಸಂಖ್ಯೆ 9999. ಆದರೆ ಒಳಗೆ ಮೊಬೈಲಿಗೆ ಸಿಗ್ನಲ್ ಸಿಗುತ್ತದೆಂದು ನಂಬಿಕೊಳ್ಳಬೇಡಿ. ಎಷ್ಟು ಗಂಟೆಗೆ ವಾಪಸು ಬರುತ್ತೀರಿ ಎಂದು ಮಸ್ಕತ್‌ನಲ್ಲಿ ಯಾರಿಗಾದರೂ ಹೇಳಿ ಹೊರಡಿ.

ದಾರಿ ಸುಲಭ. ಕುರಿಯಾತ್ ಮೇಲಿಂದ ಸೂರ್‌ಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 150 ಕಿ.ಮೀ., ಎರಡು ಗಂಟೆಯೊಳಗೆ ಮುಟ್ಟುತ್ತೀರಿ. ಹೆದ್ದಾರಿಯ ಎತ್ತರದ ಸೇತುವೆಯ ಕೆಳಗೇ ಕಾರು ನಿಲ್ಲಿಸುವ ಜಾಗ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಆ ಎರಡು ದಿನ ಜಾತ್ರೆ. ಭಾನುವಾರ ಅಥವಾ ಸೋಮವಾರ, ಬೆಳಗ್ಗೆ ಎಂಟರೊಳಗೆ ಅಲ್ಲಿರಿ.

ಹಳ್ಳದ ಬಾಯಲ್ಲಿ ನೀರು ತುಂಬಿಕೊಂಡಿರುತ್ತದೆ. ಅದನ್ನು ದಾಟಿಸಲು ಊರಿನವರ ಸಣ್ಣ ದೋಣಿಗಳಿವೆ, ಹೋಗಿ ಬರಲು ತಲೆಗೆ 1 ರಿಯಾಲ್. ಚಿಲ್ಲರೆ ಇಟ್ಟುಕೊಳ್ಳಿ. ಗಂಗೊಳ್ಳಿಯ ದೋಣಿ ಕಂಡವರಿಗೆ ಇದು ದೋಣಿಯೇ ಅಲ್ಲ, ಕೂತು ಸರಿಮಾಡಿಕೊಳ್ಳುವುದರೊಳಗೆ ಆ ದಡ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹತ್ತುವಾಗಲೇ ಕೇಳಿಕೊಳ್ಳಿ.

ದೋಣಿ ಇಳಿದ ಮೇಲೆ ಮುಕ್ಕಾಲು ಗಂಟೆ ನಡಿಗೆ. ಮೊದಲ ಭಾಗ ಖರ್ಜೂರ, ಬಾಳೆಯ ತೋಟದ ನೆರಳಿನಲ್ಲಿ. ಬಾಳೆ ಅಂದಾಗ ನೆನಪಾಯಿತು. 14ನೇ ಶತಮಾನದಲ್ಲಿ ಈ ಕರಾವಳಿಗೆ ಬಂದಿದ್ದ ಇಬ್ನ್ ಬತೂತಾ ತೀವಿ ಊರಿನ ಹರಿವ ನೀರನ್ನೂ ತೋಟಗಳನ್ನೂ ಮೆಚ್ಚಿ ಬರೆದಿದ್ದಾನೆ, ಇಲ್ಲಿನ ಬಾಳೆಹಣ್ಣು ಹೊರ್ಮುಜ್‌ಗೆ ರಫ್ತಾಗುತ್ತಿತ್ತಂತೆ. ತೀವಿಯಿಂದ ಸೂರ್ ಕಡೆಗೆ ಹೋಗುವಾಗ ಸಿಗುವ ಪಾಳುಪಟ್ಟಣ ಕಲ್ಹಾತ್ ಆಗಿನ ದೊಡ್ಡ ಬಂದರು. ಅಲ್ಲಿಂದ ಹಿಂದೂಸ್ತಾನಕ್ಕೆ ಕುದುರೆಗಳನ್ನು ಹಡಗಿನಲ್ಲಿ ಕಳಿಸುತ್ತಿದ್ದರು ಎಂದು ಮಾರ್ಕೊ ಪೋಲೊ ಬರೆದಿದ್ದಾನೆ. ಕುದುರೆ ವ್ಯಾಪಾರದ ಆ ಕಡಲದಾರಿಯ ಇನ್ನೊಂದು ತುದಿಯಲ್ಲಿ ನಮ್ಮ ಭಟ್ಕಳವೂ ಇತ್ತು.

ತೋಟ ಮುಗಿದ ಮೇಲೆ ದಾರಿ ಕಷ್ಟ. ದೊಡ್ಡ ದೊಡ್ಡ ಬಂಡೆಗಳ ಮೇಲೆ ಹತ್ತಿ ಇಳಿಯಬೇಕು, ಕೆಲವು ಕಡೆ ಒಂದು ಪಕ್ಕ ಗೋಡೆಯಂಥ ಬೆಟ್ಟ, ಇನ್ನೊಂದು ಪಕ್ಕ ಕೆಳಗೆ ನೀರು. ಸಾವಿರಾರು ಕಾಲುಗಳು ತುಳಿದು ಕಲ್ಲು ನುಣುಪಾಗಿದೆ. ಮಂಡಿನೋವಿನವರಿಗೆ ಬೇಡ ಎಂದದ್ದು ಇದಕ್ಕೆ. ಹತ್ತುವಾಗ ಹೇಗೋ ಹತ್ತಿಯಾರು, ಇಳಿಯುವಾಗ ಮಂಡಿ ಕೈಕೊಡುತ್ತದೆ. ಅಲ್ಲಿಂದ ಹೊತ್ತು ತರುವುದು ಸುಲಭವಲ್ಲ.

ದಾರಿಯಲ್ಲಿ ಗುಲಾಬಿ ಬಣ್ಣದ ಹೂವಿನ ಪೊದೆ ಕಂಡರೆ ಮಗಳಿಗೆ ತೋರಿಸಿ. ಅದು ನಮ್ಮ ಕಣಗಿಲೆಯೇ, ಇಲ್ಲಿನ ವಾದಿಗಳಲ್ಲಿ ತಾನಾಗಿ ಬೆಳೆಯುತ್ತದೆ. ವಿಷದ ಗಿಡ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು, ಆದರೂ ಪಿಕ್‌ನಿಕ್ಕಿನ ಉಮೇದಿನಲ್ಲಿ ಅದರ ಕಡ್ಡಿ ಮುರಿದು ಮಾಂಸ ಸುಡಲು ಹೊರಟವರನ್ನು ನಾನು ತಡೆದದ್ದುಂಟು.

ಈಗ ನೀರು. ನಡಿಗೆ ಮುಗಿಯುವಲ್ಲಿ ಮೊದಲ ಮಡು. ಅಲ್ಲಿಂದ ಮುಂದೆ ಒಂದರ ಹಿಂದೆ ಒಂದು ಮಡುಗಳು. ಕೆಲವು ಕಡೆ ಕಾಲು ನೆಲ ಮುಟ್ಟುತ್ತದೆ, ಕೆಲವು ಕಡೆ ಮುಟ್ಟುವುದಿಲ್ಲ, ನಡುನಡುವೆ ಪಾಚಿಗಟ್ಟಿದ ಕಲ್ಲುಗಳ ಮೇಲೆ ದಾಟಬೇಕು. ಈಜಿಗಿಂತ ಈ ಪಾಚಿಯೇ ಹೆಚ್ಚು ಜನರನ್ನು ಬೀಳಿಸುತ್ತದೆ. ಬರಿಗಾಲು ಬೇಡ, ಹವಾಯಿ ಚಪ್ಪಲಿಯೂ ಬೇಡ, ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ತಳದ ಚಪ್ಪಲಿ ಅಥವಾ ನೀರಿನ ಶೂ ಬೇಕು. ಕೊನೆಯ ಮಡುವಿನ ತುದಿಯಲ್ಲಿ ಬೆಟ್ಟ ಎರಡಾಗಿ ಸೀಳಿದ ಹಾಗೆ ಒಂದು ಬಿರುಕು. ವಿಡಿಯೊದಲ್ಲಿ ಕಂಡ ಗುಹೆಗೆ ಅದೇ ಬಾಗಿಲು. ಅದರ ಅಗಲ ಸರಿಯಾಗಿ ಒಂದು ತಲೆ ಹಿಡಿಯುವಷ್ಟು. ಗಲ್ಲದವರೆಗೆ ನೀರು, ಕಿವಿಯ ಎರಡೂ ಕಡೆ ಬಂಡೆ, ಕಾಲಿಗೆ ನೆಲವಿಲ್ಲ. ಎರಡೂ ಕೈಯಿಂದ ಬಂಡೆಯನ್ನು ತಳ್ಳಿಕೊಳ್ಳುತ್ತಾ ಒಳಗೆ ಜಾರಬೇಕು. ಒಳಗೆ ನಿಮ್ಮ ಉಸಿರಿನ ಸದ್ದು ನಿಮಗೇ ದೊಡ್ಡದಾಗಿ ಕೇಳುತ್ತದೆ. ಆಮೇಲೆ ಒಮ್ಮೆಲೇ ಅಗಲವಾದ ಗುಹೆ, ಮೇಲಿನ ಸಂದಿನಿಂದ ಇಳಿದ ಬಿಸಿಲುಕೋಲು, ಅದರ ಕೆಳಗೆ ಜಲಪಾತ. ಚೆಂದವೋ ಎಂದರೆ ಚೆಂದ, ಸುಳ್ಳು ಹೇಳಲಾರೆ.

ಮಗಳನ್ನು ಮಾತ್ರ ಒಳಗೆ ಕರೆದೊಯ್ಯಬೇಡಿ. ಈಜುಕೊಳದಲ್ಲಿ ಕಲಿತ ಮಗುವಿಗೆ ದಣಿದಾಗ ಹಿಡಿಯಲು ಅಂಚು ಇರುತ್ತದೆ, ತಳ ಕಾಣುತ್ತದೆ, ಪಕ್ಕದಲ್ಲಿ ಮೇಷ್ಟ್ರು ಇರುತ್ತಾರೆ. ಇಲ್ಲಿ ಮೂರೂ ಇಲ್ಲ, ಕಾವಲಿಗೆ ಯಾರೂ ಇರುವುದಿಲ್ಲ. ಆ ಬಿರುಕಿನಲ್ಲಿ ಮಗು ಹೆದರಿ ನಿಮ್ಮ ಕುತ್ತಿಗೆ ತಬ್ಬಿದರೆ ಎಷ್ಟೇ ಒಳ್ಳೆಯ ಈಜುಗಾರನಿಗೂ ಕಷ್ಟ. ಲೈಫ್ ಜಾಕೆಟ್ ತೊಡಿಸಿ ಮೊದಲ ಮಡುವಿನಲ್ಲಿ ಮನಸಾರೆ ಆಡಲಿ. ಜಾಕೆಟ್ ಅವಳ ಅಳತೆಯದೇ ಇರಬೇಕು, ದೊಡ್ಡವರದ್ದು ಮಗುವಿನ ಕಿವಿ ದಾಟಿ ಮೇಲೇಳುತ್ತದೆ. ಹೆಂಡತಿಗೂ ಒಂದು ಜಾಕೆಟ್ ಇರಲಿ, ಸೊಂಟದ ಮಟ್ಟಕ್ಕಿಂತ ಆಚೆ ಹೋಗಬೇಡಿ ಎನ್ನಿ. ಮತ್ತೆ ನೀವು? ಇವರಿಬ್ಬರನ್ನೂ ಮಡುವಿನ ಬಳಿ ಬಿಟ್ಟು ಒಬ್ಬರೇ ಗುಹೆಗೆ ಹೋಗುವುದೂ ಸರಿಯಲ್ಲ. ಈಜು ಗೊತ್ತಿರುವ ಇನ್ನಿಬ್ಬರು ಸ್ನೇಹಿತರು ಜತೆಗಿದ್ದರೆ ಸರದಿಯ ಮೇಲೆ ಹೋಗಿ. ಇಲ್ಲದಿದ್ದರೆ ಗುಹೆಯನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ, ಅದೇನು ಓಡಿಹೋಗುವುದಿಲ್ಲ.

ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ, ಎಸೆಯಿರಿ. ಹತ್ತು ಮೀಟರ್ ಹಗ್ಗ, ಅದರ ತುದಿಗೆ ಮುಚ್ಚಳ ಹಾಕಿದ ಖಾಲಿ ಐದು ಲೀಟರ್ ಕ್ಯಾನು, ಇಷ್ಟು ಚೀಲದಲ್ಲಿದ್ದರೆ ಸಾಕು. ಒಬ್ಬರನ್ನು ಎತ್ತಲು ಹಾರಿ ಇಬ್ಬರೂ ಹೋದ ಕಥೆ ನಮ್ಮ ಹೊಳೆಗಳಲ್ಲಿ ನೀವೂ ಕೇಳಿದ್ದೀರಿ.

ಬಂಡೆಯ ಮೇಲಿಂದ ಧುಮುಕುವ ಹುಡುಗರು ಅಲ್ಲಿ ಸಿಗುತ್ತಾರೆ. 2012ರಲ್ಲಿ ರೆಡ್ ಬುಲ್ ಕಂಪನಿಯ ಬಂಡೆ ಜಿಗಿತದ ಸ್ಪರ್ಧೆ ಇಲ್ಲೇ ನಡೆದಿತ್ತು ಎಂದು ಹೇಳಿ ಹುರಿದುಂಬಿಸುವವರೂ ಇರುತ್ತಾರೆ. ಸ್ಪರ್ಧೆ ನಡೆದದ್ದು ನಿಜ, ಆದರೆ ಹಾರಿದವರಿಗೆ ಅದೇ ಕಸುಬು, ಕೆಳಗೆ ನೀರಿನಲ್ಲಿ ಕಾದಿದ್ದ ಮುಳುಗುಗಾರರೂ ಇದ್ದರು. ಪ್ರತಿ ಪ್ರವಾಹವೂ ಮಡುವಿನ ತಳಕ್ಕೆ ಜಲ್ಲಿ ತಂದು ಸುರಿಯುತ್ತದೆ. ಹೋದ ವರ್ಷ ಆಳವಿದ್ದಲ್ಲಿ ಈ ವರ್ಷ ಬಂಡೆ ಇರಬಹುದು.

ಬಟ್ಟೆಯ ವಿಷಯದಲ್ಲಿ ಎರಡು ಮಾತು. ಇದು ಊರಿನವರ ತೋಟದ ದಾರಿ, ಭುಜ ಮೊಣಕಾಲು ಮುಚ್ಚುವಂಥದ್ದು ತೊಡುವುದು ಮರ್ಯಾದೆ. ಹಾಗೆಂದು ಕಾಟನ್ ಚೂಡಿದಾರ, ಜೀನ್ಸ್ ಹಾಕಿ ನೀರಿಗಿಳಿಯಬೇಡಿ. ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಬೇಗ ಒಣಗುವ ತೆಳು ಬಟ್ಟೆಯ ತುಂಬುತೋಳಿನ ಅಂಗಿ, ಲೆಗ್ಗಿಂಗ್ಸ್ ಸರಿ. ಕುಡಿಯುವ ನೀರು ತಲೆಗೆ ಎರಡು ಮೂರು ಲೀಟರ್ ಇರಲಿ, ಮಡುವಿನ ನೀರು ಕುಡಿಯಲು ಅಲ್ಲ. ಊಟಕ್ಕೆ ಚಿತ್ರಾನ್ನ, ಮೊಸರವಲಕ್ಕಿ ಯಾವುದಾದರೂ ಸೈ, ಎಲೆ ಪ್ಲೇಟು ಎಲ್ಲ ವಾಪಸು ಕಾರಿಗೆ. ಫಲಜ್‌ನಲ್ಲಿ ಕೈ ತೊಳೆಯಬೇಡಿ, ಸೋಪು ಶಾಂಪೂ ಅಂತೂ ಮಡುವಿಗೂ ಬೇಡ. ಡಿಸೆಂಬರಿನಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಕಮರಿಯೊಳಗೆ ಅದಕ್ಕೂ ಮೊದಲೇ ಮಬ್ಬು. ಎರಡೂವರೆಗೆ ನೀರಿನಿಂದ ಎದ್ದುಬಿಡಿ.

ಹಿಂದಿರುಗುವಾಗ ಹೊತ್ತಿದ್ದರೆ ಬಿಮ್ಮಾ ಹೊಂಡ ನೋಡಬಹುದು, ಹೆದ್ದಾರಿಯಿಂದ ದೂರವಿಲ್ಲ. ನಕ್ಷತ್ರ ಬಿದ್ದು ಆದ ಗುಂಡಿ ಎಂದು ಊರಿನವರ ಕಥೆ, ಸುಣ್ಣಕಲ್ಲಿನ ಮಾಡು ಕರಗಿ ಕುಸಿದದ್ದು ಎಂದು ನಮ್ಮ ಕಸುಬಿನವರ ಕಥೆ. ಮಗಳಿಗೆ ಎರಡನ್ನೂ ಹೇಳಿ.

ಅಪ್ಪಯ್ಯನ ವಾದಿಯ ಹೆಸರು ಬನಿ ಖಾಲಿದ್. ಅದನ್ನು ಬೇರೆಯೇ ದಿನಕ್ಕೆ ಇಟ್ಟುಕೊಳ್ಳಿ. ಇಬ್ರಾ, ಬಿದಿಯಾ ಮಾರ್ಗವಾಗಿ ಮಸ್ಕತ್‌ನಿಂದ ಎರಡೂವರೆ ಮೂರು ಗಂಟೆ, ಕೊನೆಯಲ್ಲಿ ಬೆಟ್ಟ ಹತ್ತಿ ಇಳಿಯುವ ತಿರುವುಗಳಿದ್ದರೂ ಪೂರ್ತಿ ಡಾಂಬರು ರಸ್ತೆ, ನಿಮ್ಮ ಕಾರಿಗೆ ಏನೂ ತೊಂದರೆಯಿಲ್ಲ. ಹವಾಮಾನ ನೋಡುವ ನಿಯಮ ಇಲ್ಲಿಗೂ ಅದೇ. ಕಾರು ನಿಲ್ಲಿಸಿದಲ್ಲಿಂದ ಕಾಲುವೆಯ ಪಕ್ಕ ಹತ್ತು ನಿಮಿಷ ನಿಧಾನವಾಗಿ ನಡೆದರೆ ಖರ್ಜೂರದ ಮರಗಳ ನಡುವೆ ವಿಶಾಲವಾದ ಮಡು, ಪಕ್ಕದಲ್ಲೇ ಹೋಟೆಲು, ಕೂರಲು ನೆರಳು. ಮೇಲೆ ಮುಕಲ್ ಗುಹೆಯ ಕಡೆಗೆ ಯುವಕರು ಹೋಗುತ್ತಾರೆ, ನೀವು ಹೋಗದಿದ್ದರೂ ನಷ್ಟವಿಲ್ಲ. ಅಪ್ಪಯ್ಯನನ್ನು ಅಂಚಿನ ಚಪ್ಪಟೆ ಕಲ್ಲಿನ ಮೇಲೆ ಕೂರಿಸಿ, ಪಂಚೆ ಮೊಣಕಾಲವರೆಗೆ ಎತ್ತಿ ಕಾಲು ನೀರಿಗೆ ಇಳಿಬಿಡಲಿ. ಬೆರಳುದ್ದದ ಕಂದು ಮೀನುಗಳು ಬಂದು ಪಾದದ ಸತ್ತ ಚರ್ಮ ಮೆಲ್ಲುತ್ತವೆ, ಕಚಗುಳಿ ಇಟ್ಟ ಹಾಗಾಗುತ್ತದೆ. ಮೊದಲೇ ಹೇಳಿಡಿ, ಇಲ್ಲದಿದ್ದರೆ ಬೆಚ್ಚಿ ಕಾಲೆಳೆದು ಆ ಮಂಡಿಗೇ ಪೆಟ್ಟು ಮಾಡಿಕೊಂಡಾರು.